ಶ್ರವಣಕ್ಕೂ ಧನಿಷ್ಠೆಗೂ ನಡುವೆ ಒಂದು ಹದ್ದುಬಸ್ತು

ನಂಜನಗೂಡು
12 ಮಾರ್ಚ್ 2025

…ಅದಕ್ಕೇ ನಾನು ಹೇಳುತ್ತಿದ್ದುದು, ಪಲ್ಲವಿ, ಆಕಾಶಕ್ಕೆ ಹದ್ದುಬಸ್ತು ಮಾಡಿ ಕಲ್ಲು ನೆಟ್ಟ ಸರ್ವೆಯರ್ ಇನ್ನೂ ಹುಟ್ಟಿಲ್ಲ. ಅಷ್ಟು ಹೇಳುವ ಹೊತ್ತಿಗೆ ನಿನ್ನೆ ನೀನು ಫೋನನ್ನು ಗಂಡನ ಕೈಗೆ ಕೊಟ್ಟುಬಿಟ್ಟೆ. ದೀಪಕ್ ಒಳ್ಳೆಯವನು. "ಹೂಂ ಮಾವ, ಹೂಂ ಮಾವ" ಎಂದು ನಲವತ್ತು ಸಲ ಹೇಳಿದ. ಕಾಗದವನ್ನಾದರೆ ಇನ್ನೊಬ್ಬರ ಕೈಗೆ ದಾಟಿಸಿದರೂ ಅಕ್ಷರ ಅಲ್ಲೇ ಇರುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಮೂವತ್ತೊಂದು ವರ್ಷ ಈ ತಾಲ್ಲೂಕಿನ ಹೊಲಗಳನ್ನು ಅಳೆದು, ಇಬ್ಬರ ನಡುವಿನ ಗಡಿ ಗುರುತಿಸಿದವನು ನಾನು. ಬಿಳಿಗೆರೆಯಲ್ಲಿ ಒಂದು ಗೇಣು ನೆಲಕ್ಕೆ ಅಣ್ಣತಮ್ಮಂದಿರು ಕುಡುಗೋಲು ಎತ್ತಿದ್ದನ್ನು ಕಣ್ಣಾರೆ ನೋಡಿದ್ದೇನೆ. ಈಗ ನನ್ನ ಮನೆಯ ಬಾಗಿಲಿಗೆ ಜಾಲಿಮುಳ್ಳು ಬಿದ್ದಿರುವುದೂ ಗಡಿಯ ತಕರಾರಿಗೇ. ನಿಮ್ಮವ್ವ ಧನಿಷ್ಠಾ ನಕ್ಷತ್ರದಲ್ಲಿ ಸತ್ತಳು, ಆರು ತಿಂಗಳು ಆ ಮನೆಯಲ್ಲಿ ಯಾರೂ ಇರಬಾರದು, ಇದ್ದರೆ ಇನ್ನೊಂದು ಹೆಣ ಬೀಳುತ್ತದೆ ಎಂದು ರುದ್ರೇಶ ಐನೋರು ಪಂಚಾಂಗ ನೋಡಿ ಹೇಳಿದರು. ನಿಮ್ಮ ದೊಡ್ಡಮ್ಮ ಚಿಕ್ಕಬಸಮ್ಮ ಹುಲ್ಲಹಳ್ಳಿಯಿಂದ ಬಂದವಳು ತಂಗಿಗೆ ಅತ್ತು ಮುಗಿಸುವ ಮೊದಲೇ ನಮ್ಮ ಮನೆಗೆ ಬೀಗ ಹಾಕಿ ಬೀಗದ ಕೈ ಸೆರಗಿಗೆ ಕಟ್ಟಿಕೊಂಡಳು. ನಾನು ನಂಬುವವನಲ್ಲ. ಬೀದಿ ನಂಬುತ್ತದಲ್ಲ, ಏನು ಮಾಡಲಿ? ಗೊಬ್ಬರದಂಗಡಿಯ ಮಹಡಿ ಮೇಲಿನ ಒಂಟಿ ರೂಮಿನಲ್ಲಿ ಯೂರಿಯಾ ವಾಸನೆ ಕುಡಿದುಕೊಂಡು ಬಿದ್ದಿದ್ದೇನೆ. ಕಿಟಕಿಯಿಂದ ನನ್ನದೇ ಮನೆಯ ನೀರಿನ ಟ್ಯಾಂಕು ಕಾಣುತ್ತದೆ.

ನಾನು ಸುಮ್ಮನಿರಲಿ ಎಂದು ನಿನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಆಕಾಶದ ನಕ್ಷೆಯ ಸಾಫ್ಟ್‌ವೇರ್ ಹಾಕಿಕೊಟ್ಟೆಯಲ್ಲ, ವಂಡರ್‌ಫುಲ್ ಥಿಂಗ್. ಊರು, ದಿನ, ಗಂಟೆ, ನಿಮಿಷ ಹೊಡೆದರೆ ಅವತ್ತಿನ ಆಕಾಶ ಬಂದು ನಿಲ್ಲುತ್ತದೆ. ಬಿ.ಎಸ್ಸಿ.ಯಲ್ಲಿ ನಮ್ಮ ಫಿಸಿಕ್ಸ್ ಮೇಷ್ಟರು "ಹೆವೆನ್ಲಿ ಬಾಡೀಸ್ ಡು ನಾಟ್…" ಎನ್ನುತ್ತಿದ್ದರು. ಏನೋ ಮಾಡುವುದಿಲ್ಲ. ಸುಳ್ಳು ಹೇಳುವುದಿಲ್ಲ ಎಂದಿರಬೇಕು. ನಾನು ನಂಜನಗೂಡು, ಜನವರಿ ಮೂವತ್ತು ಎಂದು ಹೊಡೆದೆ. ಹಿಂದಿನ ದಿನ ಅಮಾವಾಸ್ಯೆ ತಾನೆ, ರಾತ್ರಿಯೆಲ್ಲ ಚಂದ್ರ ಭೂಮಿಯ ಕೆಳಗೆ. ಅದಕ್ಕೂ ದಾರಿಯಿದೆ: ಒಂದು ಗುಂಡಿ ಒತ್ತಿದರೆ ನೆಲವೇ ಮಾಯವಾಗಿ ಪಾದದಡಿಯ ನಕ್ಷತ್ರಗಳೂ ಕಾಣುತ್ತವೆ. ಜೀವಮಾನವೆಲ್ಲ ನೆಲ ಅಳೆದವನು, ಗುಂಡಿ ಒತ್ತಿ ನೆಲವನ್ನು ಒಮ್ಮೆ ವಾಪಸ್ ತಂದು ನೋಡಿಕೊಂಡೇ ಮತ್ತೆ ತೆಗೆದೆ.

ಐನೋರ ಪಂಚಾಂಗ ತಪ್ಪಿರಲಿ ಎಂಬ ಆಸೆಯಿತ್ತು. ತಪ್ಪಿಲ್ಲ. ಬೆಳಿಗ್ಗೆ ಏಳೂ ಹದಿನೈದರವರೆಗೆ ಚಂದ್ರ ಶ್ರವಣದಲ್ಲಿದ್ದ. ಶ್ರವಣಕ್ಕೆ ದೋಷವಿಲ್ಲ. ಆಮೇಲೆ ಧನಿಷ್ಠೆಗೆ ಕಾಲಿಟ್ಟ. ನಿಮ್ಮವ್ವ ಹೋದದ್ದು ಏಳೂವರೆಗೆ ಎಂದು ನೀನು ಹೇಳಿದೆ. ಚಂದ್ರ ಗಂಟೆಗೆ ತನ್ನ ಮೈಯಗಲದಷ್ಟು ಜರುಗುತ್ತಾನೆ. ಅಂದರೆ ಅವನ ಮೈಯ ಕಾಲು ಭಾಗಕ್ಕಾಗಿ ನಾನು ಮನೆ ಬಿಟ್ಟಿದ್ದೇನೆ.

ನೀನು ನೋಡಿದ್ದು ಯಾವ ಗಡಿಯಾರ? ಅವಳ ಕೋಣೆಯದಾದರೆ ಅದು ಇಪ್ಪತ್ತು ನಿಮಿಷ ಮುಂದೆ. "ಹೌದು" ಎಂದು ಒಂದು ಕಾರ್ಡು ಹಾಕು. ಸಾಕು.

ಇಂತಿ ನಿಮ್ಮಪ್ಪ,
ಚಾಮಯ್ಯ


ತಿ. ನರಸೀಪುರ
21 ಮಾರ್ಚ್ 2025

ಅಪ್ಪ,

ಗಡಿಯಾರ ನೋಡಲಿಲ್ಲ, ಫೋನಿನಲ್ಲಿ ನೋಡಿದೆ. ಏಳೂವರೆ. ನೀವು ಹಾಲು ತರಲು ಹೋಗಿದ್ದಿರಿ. ಅವ್ವ ನೀರು ಕೇಳಿದಳು. ನನ್ನ ಕೈಯಿಂದ ಎರಡು ಗುಟುಕು ಕುಡಿದಳು. ಹೋದಳು. ಎಷ್ಟು ಸಲ ಹೇಳಲಿ?

ಆರು ತಿಂಗಳಲ್ಲಿ ಎರಡು ಕಳೆಯುತ್ತಾ ಬಂತು. ಇಲ್ಲಿಗೆ ಬನ್ನಿ. ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದ್ದೇವೆ. ಸ್ಕೂಲಿನ ಮಕ್ಕಳಿಗೆ ಅದೇ ಸಾಫ್ಟ್‌ವೇರ್‌ನಲ್ಲಿ ಶನಿಯ ಉಂಗುರ ತೋರಿಸಿದೆ, ಹೋ ಎಂದು ಕೂಗಿದರು. ನೀವೂ ಅದನ್ನು ನೋಡಿ ಅಪ್ಪ. ಜನವರಿ ಮೂವತ್ತನ್ನು ನೋಡಬೇಡಿ.

ನಿಮ್ಮ ಮಗಳು,
ಪಲ್ಲವಿ


ನಂಜನಗೂಡು
4 ಏಪ್ರಿಲ್ 2025

ಪಲ್ಲವಿ,

ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದ್ದಕ್ಕೆ ಥ್ಯಾಂಕ್ಸ್. ಅಲ್ಲಿ ಈರುಳ್ಳಿ ಹರಡಿಕೋ. ಸ್ವಂತ ಮನೆ ಇರುವವನು ಅಳಿಯನ ತಟ್ಟೆ ಕಾಯುವುದಿಲ್ಲ.

ಮೊನ್ನೆ ಟೀ ಅಂಗಡಿಯಲ್ಲಿ ಸೋಮಶೇಖರ ಸಿಕ್ಕಿದ್ದ, ರಿಟೈರ್ಡ್ ಕಾಂಪೌಂಡರ್. "ಲೇ ಸೋಮ, ಹೆಣ ಸೆಟ್ಕೊಳ್ಳಾಕೆ ಎಷ್ಟೊತ್ತು ಬೇಕ್ಲಾ?" ಎಂದು ಕೇಳಿದೆ.

"ಯಾಕಣ್ಣೋ, ಯಾರ್ನಾರ ಕೊಂದು ರೂಮ್ನಲ್ಲಿ ಮಡಗಿದ್ದೀಯಾ?"

"ಕೇಳಿದ್ದಕ್ಕೆ ಯೋಳು."

"ಮೊದ್ಲು ದವ್ಡೆ ಕಣಣ್ಣ. ಏನಿಲ್ಲ ಅಂದ್ರೂ ಮೂರ್ ಗಂಟೆ ಓಗ್ಬೇಕು. ಆಮ್ಯಾಕೆ ಕುತ್ಗೆ, ಆಮ್ಯಾಕೆ ಕೈಕಾಲು. ಮನ್ಸನ್ಗೆ ಮೊದ್ಲು ನಿಲ್ಲಾದು ಮಾತು, ಮೊದ್ಲು ಕಟ್ಟಾದೂ ಬಾಯಿ." ಅವನು ನಕ್ಕ. ಟೀ ದುಡ್ಡು ಅವನೇ ಕೊಟ್ಟ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಾಲೇಜಿನ ರೆಕಾರ್ಡ್ ಬುಕ್ಕಿನಲ್ಲಿ ಬರೆಯುತ್ತಿದ್ದ ಹಾಗೆ ಬರೆಯುತ್ತೇನೆ, ನೀನು ಸೈನ್ಸ್ ಟೀಚರ್ ತಾನೆ, ಓದಿಕೋ.

ಆಬ್ಸರ್ವೇಶನ್: ಏಳೂ ನಲವತ್ತಕ್ಕೆ ನಾನು ಒಳಗೆ ಬಂದೆ. "ಈಗ್ತಾನೆ, ಹತ್ತು ನಿಮಿಷ ಆಯ್ತಪ್ಪ" ಎಂದೆ ನೀನು. ಹಾಲಿನ ಪ್ಯಾಕೆಟ್ಟು ಕೆಳಗಿಟ್ಟು ಅವಳ ಬಾಯಿಗೆ ನೀರು ಬಿಡಲು ಹೋದೆ. ಬಾಯಿ ತೆರೆಯಲಿಲ್ಲ. ಬೆರಳು ಹಾಕಿದೆ, ಚಮಚ ಹಾಕಿದೆ, ಹಲ್ಲಿಗೆ ಟಕ್ಕೆಂದಿತು. ನೀರು ಕೆನ್ನೆಯ ಮೇಲಿಂದ ಇಳಿದು ದಿಂಬು ನೆನೆಯಿತು. ನೀನು ಆಚೆ ತಿರುಗಿಕೊಂಡೆ.

ಇನ್ಫರೆನ್ಸ್: ಹತ್ತು ನಿಮಿಷದ ಹೆಣಕ್ಕೆ ದವಡೆ ಕಟ್ಟುವುದಿಲ್ಲ. ದೇರ್‌ಫೋರ್ ಅವಳು ಹೋದದ್ದು ನಾಲ್ಕೂ ನಲವತ್ತಕ್ಕೂ ಮೊದಲು. ದೇರ್‌ಫೋರ್ ನೀನು ಅವಳ ಮಂಚದ ಪಕ್ಕ ಚಾಪೆಯ ಮೇಲೆ ನಿದ್ದೆ ಹೊಡೆಯುತ್ತಿದ್ದೆ. ನೋಡಿಕೊಳ್ಳಲು ಎಂದು ವಾರ ರಜೆ ಹಾಕಿ ಬಂದವಳು! ಬೆಳಿಗ್ಗೆ ಎದ್ದು ನೋಡಿದೆ, ಹೆದರಿದೆ, ನಾನು ಹೊರಗೆ ಹೋಗುವವರೆಗೆ ಕಾದೆ, ಏಳೂವರೆ ಎಂಬ ಕಥೆ ಕಟ್ಟಿದೆ. ಆ ಕಥೆಗೆ ನಾನು ಮನೆ ಕೊಟ್ಟೆ.

ಎರಡು ಗುಟುಕು ನೀರು ಎಂದೆಯಲ್ಲ. ಯಾವ ಬಾಯಲ್ಲಿ ಕುಡಿದಳು, ಪಲ್ಲವಿ?

ನಿಮ್ಮಪ್ಪ,
ಚಾಮಯ್ಯ


ತಿ. ನರಸೀಪುರ
16 ಏಪ್ರಿಲ್ 2025

ಅಪ್ಪ,

ನಿಮ್ಮ ಕಾಗದವನ್ನು ದೀಪಕ್‌ಗೆ ತೋರಿಸಲಿಲ್ಲ. ತೋರಿಸಿದ್ದರೆ ಅವರು ಬಸ್ಸು ಹತ್ತಿ ಅಲ್ಲಿಗೆ ಬರುತ್ತಿದ್ದರು.

ಗಂಟೆ ತಪ್ಪು. ಒಪ್ಪಿಕೊಂಡೆ. ಅದಕ್ಕಿಂತ ಮುಂದೆ ಕೇಳಬೇಡಿ. ನನಗಾಗಿ ಹೇಳುತ್ತಿಲ್ಲ. ಐನೋರಿಗೆ ನೀವೇ ಹೋಗಿ "ಮಗಳು ತಪ್ಪು ಟೈಮ್ ಹೇಳಿದ್ದಳು" ಅಂದುಬಿಡಿ, ಮನೆ ಬಾಗಿಲು ತೆಗೆಸಿಕೊಳ್ಳಿ. ನೀರಿನ ಮಾತನ್ನು ಮಾತ್ರ ಮತ್ತೆ ಎತ್ತಬೇಡಿ. ಅದೊಂದು ನನಗಿರಲಿ.

ಪಲ್ಲವಿ


ನಂಜನಗೂಡು
29 ಏಪ್ರಿಲ್ 2025

ಪಲ್ಲವಿ,

ಬಾಯಿಮಾತಿಗೆ ಐನೋರು ಒಪ್ಪಲಿಲ್ಲ. ಹೋಗಿದ್ದೆ. "ಸಾ, ನಾಳೆ ನಿಮ್ಗೇ ಏನಾರ ಆಯ್ತು ಅನ್ಕೊಳಿ, ಐನೋರ್ ಮಾತ್ ಕೇಳಿ ಮನೇಗ್ ಓದ್ರು, ಸತ್ರು ಅಂತಾರೆ. ನನ್ ಹೊಟ್ಟೆ ಮೇಲ್ ಹೊಡೀಬ್ಯಾಡಿ" ಎಂದರು. ನಿಮ್ಮ ದೊಡ್ಡಮ್ಮ ಅವರಿಗಿಂತ ಮೇಲು. ಬೀಗದ ಕೈ ಇರುವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಮಗ್ಳು ಕೈಲಿ ಬರ್ಸ್ಕೊಂಡ್ ಬಾ ಓಗು" ಎಂದಳು.

ತಪ್ಪೇನಿಲ್ಲ. ಗಡಿ ಗುರುತಿಸುವಾಗ ನಾವೂ ಅಕ್ಕಪಕ್ಕದವರ ಹೇಳಿಕೆ ಬರೆಸಿಕೊಂಡು ರುಜು ಹಾಕಿಸುತ್ತಿದ್ದೆವು. ರುಜು ಇಲ್ಲದ ಕಲ್ಲನ್ನು ಯಾರು ಬೇಕಾದರೂ ಕಿತ್ತು ಹಾಕುತ್ತಾರೆ. ನಿನಗೆ ಕಷ್ಟವಾಗದಿರಲಿ ಎಂದು ಕರಡು ನಾನೇ ಮಾಡಿದ್ದೇನೆ:

"ನಾನು, ಪಲ್ಲವಿ, ಚಾಮಯ್ಯನವರ ಮಗಳು, ನನ್ನ ತಾಯಿ ಪುಟ್ಟನಂಜಮ್ಮನವರು ತೀರಿಕೊಂಡ ರಾತ್ರಿ ಅವರನ್ನು ನೋಡಿಕೊಳ್ಳುವ ಜವಾಬ್ದಾರಿ ಹೊತ್ತಿದ್ದೆ. ನಾನು ನಿದ್ದೆ ಹೋಗಿಬಿಟ್ಟೆ. ಅವರು ಬೆಳಗಿನ ಜಾವ ______ ಗಂಟೆಗೆ ತೀರಿಕೊಂಡರು. ಅಪವಾದಕ್ಕೆ ಹೆದರಿ ಏಳೂವರೆ ಎಂದು ಸುಳ್ಳು ಹೇಳಿದೆ. ಕೊನೆಯಲ್ಲಿ ನೀರು ಕುಡಿಸಿದೆ ಎಂಬುದೂ ಸುಳ್ಳು."

ಖಾಲಿ ಜಾಗದಲ್ಲಿ ಸುಮಾರು ಮೂರು ಎಂದು ಹಾಕು. ಶ್ರವಣದ ಒಳಗೇ ಬರುತ್ತದೆ. ಸಾಫ್ಟ್‌ವೇರ್‌ನಲ್ಲಿ ಚೆಕ್ ಮಾಡಿದ್ದೇನೆ. ಗಡಿಗೆ ನಾಲ್ಕು ಚಂದ್ರನಷ್ಟು ಈಚೆಗಿದ್ದೀವಿ, ಸೇಫ್. ನೀರಿನ ಸಾಲು ಇರಲೇಬೇಕು. ಅದಿಲ್ಲದಿದ್ದರೆ ನಂಬಿಕೆ ಬರುವುದಿಲ್ಲ. ಸ್ಟಾಂಪು ಹಚ್ಚಿದ ಕವರು ಒಳಗಿದೆ.

ನಿಮ್ಮಪ್ಪ,
ಚಾಮಯ್ಯ


ತಿ. ನರಸೀಪುರ
10 ಮೇ 2025

ಅಪ್ಪ,

ನಿಮ್ಮ ಕರಡಿನಂತೆಯೇ ಬರೆದು ರುಜು ಹಾಕಿದ್ದೇನೆ. ಖಾಲಿ ಜಾಗ ತುಂಬಿದ್ದೇನೆ. ಬೇರೆ ಏನನ್ನೂ ಸೇರಿಸಿಲ್ಲ, ಏನನ್ನೂ ಹೊಡೆದು ಹಾಕಿಲ್ಲ.

ಪಲ್ಲವಿ


ನಂಜನಗೂಡು
31 ಮೇ 2025

ಚಿರಂಜೀವಿ ಪಲ್ಲವಿಗೆ ಆಶೀರ್ವಾದಗಳು.

ಸಕ್ಸಸ್! ನಿನ್ನೆ ಐನೋರ ಜಗಲಿಯಲ್ಲಿ ಎಲ್ಲ ಇತ್ಯರ್ಥವಾಯಿತು. ನಿಮ್ಮ ದೊಡ್ಡಮ್ಮ ಇದ್ದಳು, ಅವಳ ಮಗಳು ಭಾನುಪ್ರಿಯಾ ಇದ್ದಳು, ಬೀದಿಯವರು ನಾಲ್ಕು ಜನ. ಐನೋರು ಕನ್ನಡಕ ಏರಿಸಿ ನಿನ್ನ ಹೇಳಿಕೆಯನ್ನು ಗಟ್ಟಿಯಾಗಿ ಓದಿದರು. ಒಂದು ಕಡೆ ನಿಲ್ಲಿಸಿ, "ಅಲ್ಲಾ ಸಾ, ನಿದ್ದೆ ಓಗಿದ್ದೆ ಅಂತಾಳೆ, ಮೂರೂ ಹತ್ತು ಅಂತ ಸರ್ಯಾಗಿ ಬರ್ದವ್ಳೆ. ಮಲ್ಗಿದ್ದವ್ಳಿಗೆ ಯಂಗ್ ಗೊತ್ತಾಯ್ತು?" ಎಂದರು.

ಇದನ್ನು ನಾನು ಯೋಚಿಸಿರಲಿಲ್ಲ ನೋಡು. ಆದರೆ ಸರ್ವೆಯರ್ ಬುದ್ಧಿ ಎಲ್ಲಿ ಹೋಗುತ್ತದೆ? "ಅಂದಾಜು ಕಣ್ರೀ. ಮೈ ಮುಟ್ಟಿ ನೋಡಿ ಹಿಂದಕ್ಕೆ ಲೆಕ್ಕ ಹಾಕವ್ಳೆ, ಸೈನ್ಸ್ ಓದ್ದೋಳಲ್ವಾ?" ಎಂದೆ. "ಅಂಗಾದ್ರೆ ಸರಿ. ಮೂರೂ ಹತ್ತು ಅಂದ್ರೆ ಶ್ರವಣವೇ. ಮುಳ್ ತೆಗೀರಿ" ಎಂದರು.

ನಿಮ್ಮ ದೊಡ್ಡಮ್ಮ ಬಿಡಬೇಕಲ್ಲ. ಎದೆ ಬಡಿದುಕೊಂಡಳು. "ಎತ್ತವ್ವನ ಉಸ್ರು ಓಗೋವಾಗ ಗೊರ್ಕೆ ಒಡ್ಕಂಡ್ ಬಿದ್ದಿದ್ಲಲ್ಲ, ಇವ್ಳೂ ಒಂದು ಎಣ್ಣಾ? ನನ್ ತಂಗಿ ಒಣಗಂಟ್ಲಲ್ಲಿ ಓದ್ಲು! ಅದ್ರ ಮ್ಯಾಗೆ ನೀರ್ ಕುಡಿಸ್ದೆ ಅಂತ ಸುಳ್ ಬ್ಯಾರೆ! ನಮ್ ಭಾನು ಮದ್ವೇಗೆ ಅವ್ಳು ಒಸ್ಲು ತುಳಿಯಂಗಿಲ್ಲ!"

"ಬಿಡವ್ವ, ಓದಿರೋ ಎಣ್ಮಕ್ಳೆಲ್ಲ ಅಷ್ಟೆಯಾ" ಎಂದರು ಯಾರೋ. ನಾನಲ್ಲ.

ಅಂತೂ ಬೀಗದ ಕೈ ಬಿಚ್ಚಿ ನನ್ನ ಅಂಗೈಗೆ ಹಾಕಿದಳು. ಬೆಚ್ಚಗಿತ್ತು. ಎಂಟನೇ ತಾರೀಕು ಭಾನುವಾರ ಬಾಗಿಲು ತೆರೆಯುತ್ತೇವೆ. ನೀನು ಬರಬೇಡ. ಈಗಷ್ಟೇ ತಣ್ಣಗಾಗಿದೆ, ಸುಮ್ಮನೆ ಯಾಕೆ? ಕ್ಯೂ.ಇ.ಡಿ. ಎಂದರೆ ಹೆನ್ಸ್ ಪ್ರೂವ್ಡ್ ಎಂದೇ ಇರಬೇಕು. ಮರೆತಿದ್ದೇನೆ.

ನಿಮ್ಮಪ್ಪ,
ಚಾಮಯ್ಯ


ತಿ. ನರಸೀಪುರ
5 ಜೂನ್ 2025

ಅಪ್ಪ,

ಮೂರೂ ಹತ್ತು ಎಂದು ಬರೆಯುವಾಗ, ಹೇಗೆ ಗೊತ್ತು ಎಂದು ನೀವು ಕೇಳುತ್ತೀರಿ ಎಂದುಕೊಂಡಿದ್ದೆ. ಐನೋರು ಕೇಳಿದರು. ಉತ್ತರ ನೀವು ಹೇಳಿದಿರಿ.

ನಾನು ನಿದ್ದೆ ಮಾಡಿರಲಿಲ್ಲ. ಎರಡೂ ಮುಕ್ಕಾಲಿಗೆ ಅವ್ವನ ಉಸಿರು ಬೇರೆಯಾಯಿತು. "ನಿಮ್ಮಪ್ಪನ್ನ ಎಬ್ಬುಸವ್ವ" ಎಂದಳು. ನಡುಮನೆಗೆ ಬಂದು ನಿಮ್ಮ ಭುಜ ಹಿಡಿದು ಅಲ್ಲಾಡಿಸಿದೆ. "ಅಪ್ಪ, ಅವ್ವ ಕರೀತಾವ್ಳೆ" ಎಂದೆ. "ದಿನಾ ಇದ್ದದ್ದೇಯ, ಒತ್ತಾರೆ ನೋಡವ ಓಗು" ಎಂದು ಗೋಡೆಯ ಕಡೆ ತಿರುಗಿದಿರಿ. ಮತ್ತೆ ಅಲ್ಲಾಡಿಸಿದೆ. ಕೈ ಕೊಡವಿದಿರಿ.

ಒಳಗೆ ಹೋದೆ. "ಬಂದ್ರಾ?" ಎಂದಳು. "ಬತ್ತಾವ್ರೆ ಕಣವ್ವ" ಎಂದೆ. ನೀರು ಕೇಳಿದಳು. ಎರಡು ಗುಟುಕು ಕುಡಿದಳು. ಬಾಗಿಲ ಕಡೆಗೇ ನೋಡುತ್ತಿದ್ದಳು. ಮೂರೂ ಹತ್ತು. ನೀರು ನಿಜ ಅಪ್ಪ. ಗಂಟೆಯೊಂದೇ ಸುಳ್ಳು.

ಆಮೇಲೆ ನಿಮ್ಮನ್ನು ಎಬ್ಬಿಸಲಿಲ್ಲ. ಎಬ್ಬಿಸಿ ಏನು ಹೇಳಲಿ? ಅವಳ ಕೈ ಹಿಡಿದು ಕೂತೆ. ಆರೂವರೆಗೆ ನೀವು ಬಾಗಿಲಲ್ಲಿ ನಿಂತು "ನಿದ್ದೆ ಮಾಡ್ತಾವ್ಳಾ?" ಎಂದಿರಿ. "ಹೂಂ" ಎಂದೆ. ಏಳಕ್ಕೆ ನೀವು ಹೊರಟ ಮೇಲೆ, ನೀವು ಮನೆಯಲ್ಲಿಲ್ಲದ ಒಂದು ಗಳಿಗೆ ಹುಡುಕಿದೆ. ಏಳೂವರೆ ಸಿಕ್ಕಿತು. ಆಗ ಹೋದಳು ಎಂದರೆ ನಿಮ್ಮ ತಪ್ಪು ಏನೂ ಇರುವುದಿಲ್ಲ ಎಂದುಕೊಂಡೆ. ನಕ್ಷತ್ರ ನನ್ನ ತಲೆಗೇ ಬರಲಿಲ್ಲ.

ಆ ಹೇಳಿಕೆಯನ್ನು ದೊಡ್ಡಮ್ಮ ಫೋಟೋ ಹಿಡಿಸಿ ನೆಂಟರಿಗೆಲ್ಲ ಕಳಿಸಿದ್ದಾಳೆ. ನಮ್ಮ ಸ್ಕೂಲಿನ ಆಯಾ ಕೂಡ ಓದಿದ್ದಾಳೆ. ಚಿಕ್ಕಯ್ಯನಛತ್ರದ ಅತ್ತೆ ಫೋನು ಮಾಡಿ ಬರೀ ಉಗಿದು ಇಟ್ಟರು. ನಾನು ಯಾರಿಗೂ ಏನೂ ಹೇಳುವುದಿಲ್ಲ. ಹೇಳಬೇಕಾದವರು ನೀವು.

ಪಲ್ಲವಿ


ನಂಜನಗೂಡು
17 ಜೂನ್ 2025

ಪಲ್ಲವಿ,

ನಿನ್ನ ಕಾಗದ ಏಳನೇ ತಾರೀಕೇ ಕೈಸೇರಿತ್ತು. ಎಂಟಕ್ಕೆ ಮುಳ್ಳು ತೆಗೆದೆವು. ಹಾಲು ಉಕ್ಕಿಸಿದ್ದು ನಿಮ್ಮ ದೊಡ್ಡಮ್ಮ. ಒಲೆ ಹಚ್ಚಿದಾಗಿನಿಂದ ಉಕ್ಕುವವರೆಗೂ ನಿನ್ನನ್ನು ಬೈದಳು. ನಿನ್ನ ಕಾಗದ ನನ್ನ ಅಂಗಿಯ ಜೇಬಿನಲ್ಲಿತ್ತು. ಪಾಯಸ ಎರಡು ಸಲ ಹಾಕಿಸಿಕೊಂಡೆ.

ನೆನಪಿಲ್ಲ ಎಂದು ನಿನಗೆ ಬರೆಯಲು ಮೂರು ಸಲ ಕೂತು, ಮೂರು ಸಲ ಹರಿದೆ. ನೆನಪಿದೆ. ಭುಜದ ಮೇಲಿನ ಕೈ ನಿಮ್ಮವ್ವನದು ಎಂದುಕೊಂಡೆ. ಅವಳು ಎಬ್ಬಿಸಿದಾಗಲೆಲ್ಲ ನಾನು ಗೋಡೆಗೇ ತಿರುಗಿದವನು. ಬೆಳಿಗ್ಗೆ ನೀನು ಏಳೂವರೆ ಎಂದಾಗ, ಸದ್ಯ, ರಾತ್ರಿಯದು ಕನಸು ಎಂದು ಸಮಾಧಾನ ಮಾಡಿಕೊಂಡೆ. ನೀನು ಕೊಟ್ಟ ಆ ಗಳಿಗೆಯೊಳಗೆ ನಾನು ಸುಖವಾಗಿದ್ದೆ. ಕೆದಕಿ ತೆಗೆದವನೂ ನಾನೇ.

ನಿಮ್ಮ ದೊಡ್ಡಮ್ಮನಿಗೆ ನಾನು ಹೇಳುವುದಿಲ್ಲ. ಐನೋರಿಗೂ ಇಲ್ಲ. ಇದನ್ನು ಸ್ಪಷ್ಟವಾಗಿ ಬರೆದುಬಿಡುತ್ತೇನೆ, ನೀನು ಕಾಯುವುದು ಬೇಡ. ಹೆಂಡತಿ ಸಾಯುತ್ತಾ ಕರೆದರೆ ಏಳದವನು ಎಂದು ಈ ಬೀದಿಯಲ್ಲಿ ಅನ್ನಿಸಿಕೊಂಡು ನಾನು ಇರಲಾರೆ. ನನಗೆ ಎಪ್ಪತ್ತೊಂದು. ನಿನಗೆ ಗಂಡನಿದ್ದಾನೆ, ಕೆಲಸವಿದೆ, ಊರು ಬೇರೆ. ತಡೆದುಕೊಳ್ಳುತ್ತೀಯೆ. ನ್ಯಾಯವಲ್ಲ, ಐ ನೋ.

ಅವಳ ಕೋಣೆಗೆ ಇನ್ನೂ ಹೋಗಿಲ್ಲ. ನಡುಮನೆಯಲ್ಲೇ ಇದ್ದೇನೆ. ಇವತ್ತು ಮಧ್ಯಾಹ್ನ ಲ್ಯಾಪ್‌ಟಾಪನ್ನು ಗೊಬ್ಬರದಂಗಡಿಯಲ್ಲಿ ಚಾರ್ಜ್ ಮಾಡಿಸಿ ತಂದು ಜನವರಿ ಮೂವತ್ತು, ಬೆಳಗಿನ ಜಾವ ಮೂರೂ ಹತ್ತು ಎಂದು ಹೊಡೆದೆ, ನೆಲ ತೆಗೆದೆ. ಚಂದ್ರ ಅಲ್ಲೇ ಇದ್ದ. ಸಾಫ್ಟ್‌ವೇರ್‌ನಲ್ಲಿ ಇಡೀ ರಾತ್ರಿಯನ್ನು ಒಂದು ಬೀಡಿ ಸೇದುವಷ್ಟರಲ್ಲಿ ಓಡಿಸಬಹುದು. ಹಾಗೆ ಮಾಡಲಿಲ್ಲ. ಮಾಮೂಲು ಗಡಿಯಾರದ ವೇಗಕ್ಕೆ ಹಾಕಿ, ನೀನು ಕೂತಷ್ಟು ಹೊತ್ತು ನಾನೂ ಕೂರೋಣ ಎಂದು ಕೂತೆ. ಮೂರೂ ಐವತ್ತೆರಡಕ್ಕೆ ಬ್ಯಾಟರಿ ಮುಗಿಯಿತು. ನಲವತ್ತೆರಡು ನಿಮಿಷ. ಅಷ್ಟರಲ್ಲೇ ನಾನು ಎರಡು ಸಲ ಎದ್ದು ಓಡಾಡಿದ್ದೆ, ಒಂದು ಸಲ ಆಕಳಿಸಿದ್ದೆ.

ನೀನು ಹತ್ತಿರ ಹತ್ತಿರ ನಾಲ್ಕು ಗಂಟೆ. ಅವಳ ಕೈ ಹಿಡಿದುಕೊಂಡು. ಅದು ತಣ್ಣಗಾಗುತ್ತಾ ಹೋಗಿರಬೇಕು. ಈಚೆ ನಾನು ಗೊರಕೆ ಹೊಡೆಯುತ್ತಿದ್ದದ್ದು ನಿನಗೆ ಕೇಳಿಸುತ್ತಲೇ ಇದ್ದಿರಬೇಕು. ಆಗ ನೀನು ನನ್ನ ಬಗ್ಗೆ ಏನು

ಈ ಸಾಲು ಓರೆಯಾಗಿ ಹೋಯಿತು. ಮನೆ ಮುಚ್ಚುವಾಗ ಕರೆಂಟು ತೆಗೆಸಿದ್ದೆ, ಇನ್ನೂ ಹಾಕಿಸಿಲ್ಲ. ಕಾಗದದ ಗೆರೆ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ.

ಅಪ್ಪ